ಸಿಂಗಪುರದ ಚೀನೀ ಹೈಸ್ಕೂಲುಗಳು: ಬ್ರಿಟಿಷ್ ಕಾಲದ ವರದಿಗಳನ್ನು ಓದುವುದು ಹೇಗೆ

ಚೀನೀ ಶಾಲೆಗಳನ್ನು ಏನು ಮಾಡೋದು ಅನ್ನುವ ಪ್ರಶ್ನೆ ಸಿಂಗಪುರ ಮತ್ತು ಮಲಯಾದ (ಈಗಿನ ಮಲೇಷ್ಯಾದ ಪಶ್ಚಿಮ ಭಾಗ) ಬ್ರಿಟಿಷ್ ಸರ್ಕಾರಕ್ಕೆ ಸುಮಾರು ನಲವತ್ತು ವರ್ಷ ತಲೆನೋವಾಗಿತ್ತು. ಒಂದು ವರದಿ ಬಂತು, ಅದನ್ನು ಯಾರೂ ಒಪ್ಪಲಿಲ್ಲ, ಇನ್ನೊಂದು ಬಂತು. 1951ರಲ್ಲೇ ಎರಡು ಬಂದವು. 1953ರಲ್ಲಿ ಒಂದು ಶ್ವೇತಪತ್ರ. 1956ರಲ್ಲಂತೂ ಸಿಂಗಪುರವನ್ನೂ ಮಲಯಾವನ್ನೂ ಸೇರಿಸುವ ಜೋಹೋರ್ ಸೇತುವೆಯ ಈಚೆಗೊಂದು, ಆಚೆಗೊಂದು. ಎಲ್ಲದರಲ್ಲೂ ಅದೇ ಮಾತು: ಮರುಪರಿಶೀಲನೆ, ಸೌಹಾರ್ದ, ಎಲ್ಲ ಮಕ್ಕಳ ಒಳಿತು.

ಶಿಕ್ಷಣ ಮಾಧ್ಯಮದ ಜಗಳ ನಮ್ಮ ಕನ್ನಡದವರಿಗೆ ಹೊಸದಲ್ಲ. ಹಾಗಾಗಿ ಈ ವಿಷಯ ಓದೋಕೆ ಕೂತವರು ಬೇಗ ಒಂದು ಪಕ್ಷ ಹಿಡಿದುಬಿಡುತ್ತಾರೆ. ಸ್ವಲ್ಪ ತಡೆಯಿರಿ. ಈ ಕಾಗದಗಳನ್ನು ಓದೋಕೆ ಒಂದು ಕ್ರಮ ಇದೆ. ವರದಿ ಭಾಷೆಯ ಬಗ್ಗೆ ಎಷ್ಟೇ ಪುಟ ಬರೆದಿರಲಿ, ನಿಮ್ಮ ಕಣ್ಣು ಎರಡು ವಿಷಯದ ಮೇಲಿರಲಿ: ಅನುದಾನದ ಷರತ್ತು ಏನು, ಆ ಶಾಲೆಯಿಂದ ಹೊರಬಿದ್ದ ಹುಡುಗನ ಸರ್ಟಿಫಿಕೇಟಿಗೆ ಬೆಲೆ ಏನು. ಉಳಿದದ್ದೆಲ್ಲ ಇವೆರಡರ ಸುತ್ತಲೇ ಸುತ್ತುತ್ತದೆ.

ಮೊದಲು ಶಾಲೆ ಎಂಥದ್ದು ಅಂತ ತಿಳಿದುಕೊಳ್ಳಿ

ವರದಿ ಕೈಗೆತ್ತಿಕೊಳ್ಳುವ ಮುಂಚೆ ಈ ಕೆಲಸ ಮುಗಿಸಿ. ಯಾಕೆಂದರೆ ವರದಿ ಬರೆದವರು ಓದುಗರಿಗೆ ಇದೆಲ್ಲ ಗೊತ್ತಿದೆ ಅಂದುಕೊಂಡೇ ಬರೆದಿರುತ್ತಾರೆ.

ಚೀನೀ ಶಾಲೆಗಳನ್ನು ಕಟ್ಟಿದ್ದು ಸರ್ಕಾರವಲ್ಲ. ಊರಿನ ಸಂಘ, ಕುಲದ ಸಂಘ, ವ್ಯಾಪಾರಿಗಳು ಸೇರಿ ಕಟ್ಟಿದ್ದು. ರಬ್ಬರ್ ವ್ಯಾಪಾರದಲ್ಲಿ ದುಡ್ಡು ಮಾಡಿದ ತಾನ್ ಕಾ ಕೀ ಮುಂದೆ ನಿಂತು 1919ರಲ್ಲಿ ಸಿಂಗಪುರದ ಚೈನೀಸ್ ಹೈಸ್ಕೂಲ್ ಶುರುಮಾಡಿಸಿದರು. ಚುಂಗ್ ಚೆಂಗ್ ಹೈಸ್ಕೂಲ್ 1939ರದ್ದು. ಮುಂದೆ ನೀವು ಓದುವ ಮುಷ್ಕರ, ಧರಣಿ ಸುದ್ದಿಗಳಲ್ಲೆಲ್ಲ ಈ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ, ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳು ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಥರದ ದಕ್ಷಿಣ ಚೀನಾದ ಮಾತುಗಳನ್ನು ಆಡುತ್ತಿದ್ದರು. ಶಾಲೆಯಲ್ಲಿ ಮಾತ್ರ 1920ರ ಆಸುಪಾಸಿನಿಂದ ಮ್ಯಾಂಡರಿನ್, ಅಂದರೆ ಚೀನಾದ ಶಿಷ್ಟ ಭಾಷೆ. ಅಂದರೆ ಆ ಮಕ್ಕಳಿಗೆ ಅದು ಮನೆಮಾತಲ್ಲ, ಕಲಿತ ಮಾತು. ಮಾತೃಭಾಷೆ ಅಂತ ವರದಿಯಲ್ಲಿ ಬಂದಾಗ ಇದನ್ನು ನೆನಪಿಡಿ.

ಪಠ್ಯಪುಸ್ತಕಗಳು ಬಹುಕಾಲ ಶಾಂಘೈಯ ಪ್ರಕಾಶಕರಿಂದ ಬರುತ್ತಿದ್ದವು. ಅದರಲ್ಲಿ ಚೀನಾದ ನದಿ, ಚೀನಾದ ರಾಜರು, ಚೀನಾದ ರಾಜಕೀಯ. ಸಿಂಗಪುರದ ಬುಕಿತ್ ತಿಮಾ ರಸ್ತೆಯಲ್ಲಿ ಕೂತ ಹುಡುಗ ಯಾಂಗ್ಟ್ಸೆ ನದಿಯ ಪಾಠ ಓದುತ್ತಿದ್ದ. ಸರ್ಕಾರಕ್ಕೆ ಇದು ಕಣ್ಣಿಗೆ ಬಿದ್ದ ಮುಳ್ಳು. ಅದೇ ಹೊತ್ತಿಗೆ ಸರ್ಕಾರದ ನೆರವಿನ ಇಂಗ್ಲಿಷ್ ಶಾಲೆಯಲ್ಲಿ ಇನ್ನೊಬ್ಬ ಹುಡುಗ ಇಂಗ್ಲೆಂಡಿನ ರಾಜರ ಪಟ್ಟಿ ಉರುಹೊಡೆಯುತ್ತಿದ್ದ, ಅದು ಮಾತ್ರ ಯಾರಿಗೂ ಚುಚ್ಚಲಿಲ್ಲ.

ಇನ್ನೊಂದು ವಿಷಯ. ಇಲ್ಲಿ ‘ಮಿಡಲ್ ಸ್ಕೂಲ್’ ಅಂದರೆ ನಮ್ಮ ಏಳನೇ ಕ್ಲಾಸಿನ ತನಕದ ಮಿಡ್ಲ್ ಸ್ಕೂಲ್ ಅಲ್ಲ. ಆರು ವರ್ಷ ಪ್ರಾಥಮಿಕ ಮುಗಿಸಿ ಮೂರು ವರ್ಷ ಕಿರಿಯ, ಮೂರು ವರ್ಷ ಹಿರಿಯ ಮಿಡಲ್. ನಮ್ಮ ಲೆಕ್ಕಕ್ಕೆ ಹೈಸ್ಕೂಲು ಪಿಯುಸಿ ಎರಡೂ ಸೇರಿದ ಹಾಗೆ.

ತಾರೀಖಿನ ಪಕ್ಕ ಬೀದಿಯಲ್ಲಿ ಏನಾಯಿತು ಅಂತ ಬರೆಯಿರಿ

ಒಂದು ಹಾಳೆ ತಗೊಳ್ಳಿ, ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಸರ್ಕಾರದ ಕಾಗದ: ಕಾಯ್ದೆ, ಶ್ವೇತಪತ್ರ, ಸಮಿತಿ ನೇಮಕ. ಬಲಕ್ಕೆ ಅದರ ಹಿಂದಿನ ಒಂದು ವರ್ಷದಲ್ಲಿ ಬೀದಿಯಲ್ಲಿ ಏನು ನಡೆಯಿತು ಅನ್ನೋದು. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಸರ್ಕಾರ ಸುಮ್ನೆ ಕೂತಿದ್ದಾಗ ಯಾವತ್ತೂ ಮರುಪರಿಶೀಲನೆ ಮಾಡಲ್ಲ.

ಉದಾಹರಣೆಗೆ 1920. ಶಾಲೆಗಳು, ಶಿಕ್ಷಕರು ನೋಂದಣಿ ಆಗಲೇಬೇಕು ಅಂತ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ (ಸಿಂಗಪುರ, ಪೆನಾಂಗ್, ಮಲಕ್ಕಾ ಸೇರಿದ ಆಗಿನ ಬ್ರಿಟಿಷ್ ವಸಾಹತು) ಸರ್ಕಾರ ಕಾಯ್ದೆ ತಂದಿತು. ಬಲಗಡೆ ಏನಿದೆ? 1919ರ ಮೇ 4ರ ಜಪಾನ್ ವಿರೋಧಿ ವಿದ್ಯಾರ್ಥಿ ಚಳವಳಿ ಬೀಜಿಂಗಿನಲ್ಲಿ ಎದ್ದು, ಜೂನ್ ಹೊತ್ತಿಗೆ ಸಿಂಗಪುರದಲ್ಲಿ ಜಪಾನಿ ಸರಕಿನ ಬಹಿಷ್ಕಾರ, ಗಲಾಟೆ ಆಗಿತ್ತು. ಅದರಲ್ಲಿ ಚೀನೀ ಶಾಲೆಯ ಶಿಕ್ಷಕರು, ವಿದ್ಯಾರ್ಥಿಗಳು ಇದ್ದರು. ಕಾಯ್ದೆ ಬಂದು ಕೆಲವೇ ವರ್ಷಕ್ಕೆ ಸರ್ಕಾರ ಅನುದಾನ ಕೊಡೋಕೂ ಶುರುಮಾಡಿತು. ಮೊದಲು ಲಗಾಮು, ಆಮೇಲೆ ಹುಲ್ಲು. ಈ ಕ್ರಮವೇ ಮುಂದೆ ಮತ್ತೆ ಮತ್ತೆ ಸಿಗುತ್ತದೆ.

ಆಮೇಲೆ 1948ರ ಜೂನ್‌ಗೆ ಬನ್ನಿ. ಮಲಯಾ ಕಮ್ಯುನಿಸ್ಟ್ ಪಕ್ಷದ ಬಂಡಾಯ, ತುರ್ತುಪರಿಸ್ಥಿತಿ ಘೋಷಣೆ. 1949ರಲ್ಲಿ ಚೀನಾದಲ್ಲಿ ಮಾವೋ ಗೆದ್ದರು. ಒಂದೇ ಏಟಿಗೆ ಸರ್ಕಾರದ ಕಣ್ಣಲ್ಲಿ ಪ್ರತಿ ಚೀನೀ ಹೈಸ್ಕೂಲು ಅನುಮಾನದ ಜಾಗವಾಯಿತು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. 1954ರ ಗಲಾಟೆಯಲ್ಲಿದ್ದ ‘ಶಾಲಾ ಮಕ್ಕಳು’ ಎಷ್ಟು ವಯಸ್ಸಿನವರು? ಪತ್ರಿಕೆಯ ಫೋಟೋ ನೋಡಿದರೆ ಕೆಲವರು ಹುಡುಗರ ಥರ ಕಾಣುವುದೇ ಇಲ್ಲ. ಕಾರಣ ಯುದ್ಧ. 1942ರಿಂದ 1945ರ ತನಕ ಜಪಾನ್ ಆಳ್ವಿಕೆ. ಆ ಮೂರೂವರೆ ವರ್ಷ ಎಷ್ಟೋ ಮಕ್ಕಳ ಓದು ನಿಂತೇ ಹೋಗಿತ್ತು. ಯುದ್ಧ ಮುಗಿದ ಮೇಲೆ ಬಿಟ್ಟಲ್ಲಿಂದ ಶುರುಮಾಡಿದವರು 1954ಕ್ಕೆ ಹದಿನೆಂಟು, ಇಪ್ಪತ್ತು, ಅದಕ್ಕೂ ಜಾಸ್ತಿ ವಯಸ್ಸಾಗಿ ಇನ್ನೂ ಮಿಡಲ್ ಸ್ಕೂಲಿನ ಬೆಂಚಿನಲ್ಲೇ ಇದ್ದರು. ಅಂಥ ಹೊತ್ತಿನಲ್ಲಿ ಸರ್ಕಾರ 18ರಿಂದ 20 ವರ್ಷದ ಗಂಡುಮಕ್ಕಳು ರಾಷ್ಟ್ರೀಯ ಸೇವೆಗೆ ಹೆಸರು ಬರೆಸಬೇಕು ಅಂದಿತು. ಇಂಗ್ಲಿಷ್ ಶಾಲೆಯಲ್ಲಿ ಆ ವಯಸ್ಸಿನವರು ಅಷ್ಟಾಗಿ ಇರಲಿಲ್ಲ, ಓದು ಮುಗಿಸಿ ಹೋಗಿರುತ್ತಿದ್ದರು. ಏಟು ನೇರ ಚೀನೀ ಹೈಸ್ಕೂಲಿನ ಮೇಲೇ ಬಿತ್ತು. ಯುದ್ಧದಲ್ಲಿ ಓದು ಕಳೆದುಕೊಂಡವರಿಗೆ, ಈಗ ಮತ್ತೆ ಓದು ಬಿಟ್ಟು ಬ್ರಿಟಿಷರಿಗಾಗಿ ಬಂದೂಕು ಹಿಡಿ ಅಂದ ಹಾಗಾಯಿತು. ಸರ್ಕಾರಿ ಕೆಲಸಕ್ಕೆ ನಮ್ಮ ಸರ್ಟಿಫಿಕೇಟು ಆಗಲ್ಲ, ಸೈನ್ಯಕ್ಕೆ ಮಾತ್ರ ನಾವು ಆಗುತ್ತೇವಾ ಅನ್ನುವ ಸಿಟ್ಟು ಅದರಲ್ಲಿತ್ತು.

1954ರ ಮೇ 13ರಂದು ವಿನಾಯಿತಿ ಕೇಳುವ ಮನವಿ ಹಿಡಿದು ಬಂದ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಗವರ್ನರ್ ಮನೆಯ ಹತ್ತಿರವೇ ಹೊಡೆದಾಟವಾಯಿತು. ಆಮೇಲೆ ಶಾಲೆಯೊಳಗೆ ಧರಣಿ, ಜೂನ್‌ನಲ್ಲಿ ಚೈನೀಸ್ ಹೈಸ್ಕೂಲಿನಲ್ಲಿ ಸುಮಾರು ಮೂರು ವಾರದ ಬೀಡು. ಬೀಡು ಅಂದರೆ ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ದೊಡ್ಡ ಕ್ಲಾಸಿನವರು ಚಿಕ್ಕವರಿಗೆ ಪಾಠ ಹೇಳುವುದು.

1955ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದು ಡೇವಿಡ್ ಮಾರ್ಷಲ್ ಮುಖ್ಯಮಂತ್ರಿಯಾದರು. ಮೇ 12ಕ್ಕೆ ಹಾಕ್ ಲೀ ಬಸ್ ಕಂಪನಿಯ ಮುಷ್ಕರ ಗಲಭೆಯಾಗಿ ನಾಲ್ವರು ಸತ್ತರು, ಅವರಲ್ಲಿ ಒಬ್ಬ ಚೀನೀ ಶಾಲೆಯ ವಿದ್ಯಾರ್ಥಿ. ಮುಷ್ಕರದ ಕಾರ್ಮಿಕರಿಗೆ ಲಾರಿಯಲ್ಲಿ ಊಟ ತಂದುಕೊಟ್ಟು ಹಾಡಿ ಕುಣಿದು ಹುರಿದುಂಬಿಸಿದ್ದು ಇದೇ ಹೈಸ್ಕೂಲಿನವರು. ಸರ್ಕಾರ ಶಾಲೆ ಮುಚ್ಚಿಸಲು ಹೊರಟಿತು, ವಿದ್ಯಾರ್ಥಿಗಳು ಒಳಗೆ ಕೂತರು. ಆ ತಿಂಗಳೇ ಚೀನೀ ಶಿಕ್ಷಣದ ಬಗ್ಗೆ ಸರ್ವಪಕ್ಷ ಸಮಿತಿ ನೇಮಕವಾಯಿತು.

ನಿಮ್ಮ ಹಾಳೆಯ ಎಡ ಬಲ ಎಷ್ಟು ಹತ್ತಿರ ಬಂದಿವೆ ನೋಡಿ.

ಸಮಿತಿಯಲ್ಲಿ ಯಾರು ಕೂತಿದ್ದರು?

ಶಿಫಾರಸು ಓದುವ ಮೊದಲು ಸದಸ್ಯರ ಪಟ್ಟಿ ಓದಿ. ಇದನ್ನು ಕಲಿಯೋಕೆ 1951ರಷ್ಟು ಒಳ್ಳೆಯ ವರ್ಷ ಇನ್ನೊಂದಿಲ್ಲ.

ಆ ವರ್ಷ ಮಲಯಾ ಒಕ್ಕೂಟದಲ್ಲಿ ಬಾರ್ನ್ಸ್ ವರದಿ ಬಂತು. ಆಕ್ಸ್‌ಫರ್ಡಿನ ಬಾರ್ನ್ಸ್ ಅಧ್ಯಕ್ಷರು. ಸಮಿತಿಯಲ್ಲಿ ಇದ್ದವರು ಯುರೋಪಿಯನ್ನರು ಮತ್ತು ಮಲಯರು. ಚೀನಿಯರೂ ಇಲ್ಲ, ಭಾರತೀಯರೂ ಇಲ್ಲ. ಸಮಿತಿಗೆ ಒಪ್ಪಿಸಿದ ಕೆಲಸ ಮಲಯ ಶಿಕ್ಷಣ ನೋಡುವುದು. ಆದರೆ ವರದಿ ಅಲ್ಲಿಗೆ ನಿಲ್ಲದೆ ಎಲ್ಲ ಜನಾಂಗದ ಮಕ್ಕಳಿಗೂ ಒಂದೇ ರಾಷ್ಟ್ರೀಯ ಶಾಲೆ ಸಾಕು, ಅದರಲ್ಲಿ ಮಲಯ ಮತ್ತು ಇಂಗ್ಲಿಷ್ ಇರಲಿ ಅಂದುಬಿಟ್ಟಿತು. ಚೀನೀ, ತಮಿಳು ಶಾಲೆಗಳು ನಿಧಾನಕ್ಕೆ ಮಾಯವಾಗಬೇಕು ಅಂತಲೇ ಅದರ ಅರ್ಥ.

ಚೀನೀ ಸಮುದಾಯ ಎದ್ದು ಕೂತಿತು. ಸರ್ಕಾರ ಇನ್ನಿಬ್ಬರನ್ನು ಕರೆಸಿತು. ಅಮೆರಿಕದ ವಿಲಿಯಂ ಫೆನ್, ವಿಶ್ವಸಂಸ್ಥೆಯಲ್ಲಿದ್ದ ವು ಟೆ-ಯಾವ್. ಇವರು ಅದೇ ವರ್ಷ ಕೊಟ್ಟ ವರದಿ ಪೂರ್ತಿ ಉಲ್ಟಾ. ಚೀನೀ ಶಾಲೆ ಇರಲಿ, ಪಠ್ಯ ಮಾತ್ರ ಚೀನಾದ್ದಲ್ಲದೆ ಮಲಯಾದ್ದಾಗಲಿ, ಮಕ್ಕಳು ಎರಡಲ್ಲ ಮೂರು ಭಾಷೆ ಕಲಿಯಲಿ, ಒತ್ತಾಯದಿಂದ ಒಗ್ಗಟ್ಟು ಬರಲ್ಲ ಅನ್ನುವ ಧಾಟಿ.

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಒಂದೇ ದೇಶ, ಒಂದೇ ವರ್ಷ, ಅದೇ ಶಾಲೆಗಳು. ಕೂತವರು ಬೇರೆ, ಬಂದ ಉತ್ತರ ಬೇರೆ. ಇನ್ನು 1952ರ ಶಿಕ್ಷಣ ಕಾಯ್ದೆ ನೋಡಿದರೆ ಅದು ಬಾರ್ನ್ಸ್ ಕಡೆಗೇ ವಾಲಿದ್ದು ಕಾಣುತ್ತದೆ. ಫೆನ್-ವು ವರದಿಯನ್ನು ಹೊಗಳುತ್ತಾ ಕಪಾಟಿನಲ್ಲಿಟ್ಟರು ಅನ್ನಬಹುದು. ಆ ಹೊತ್ತಿನಲ್ಲೇ ಚೀನೀ ಶಾಲಾ ಶಿಕ್ಷಕರ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. 1953ರಿಂದ ಲಿಮ್ ಲಿಯನ್ ಗಿಯೋಕ್ ಅದರ ಮುಖಂಡರು.

ಸಿಂಗಪುರದ 1955ರ ಸಮಿತಿಯ ಪಟ್ಟಿಯೂ ಕುತೂಹಲದ್ದೇ. ಶಿಕ್ಷಣ ಮಂತ್ರಿ ಚ್ಯೂ ಸ್ವೀ ಕೀ ಅಧ್ಯಕ್ಷರು. ಸದಸ್ಯರಲ್ಲಿ ವಿರೋಧ ಪಕ್ಷದ, ಮುಂದೆ ಸಿಂಗಪುರದ ಪ್ರಧಾನಿಯಾದ ಲೀ ಕುವಾನ್ ಯೂ. ಕೇಂಬ್ರಿಜ್‌ನಲ್ಲಿ ಕಾನೂನು ಓದಿದ, ಬಹುಪಾಲು ಇಂಗ್ಲಿಷ್ ಶಾಲೆಯಲ್ಲೇ ಓದಿ ಬೆಳೆದ ಈ ಮನುಷ್ಯ ತನ್ನ ಮಕ್ಕಳನ್ನು ಚೀನೀ ಶಾಲೆಗೇ ಸೇರಿಸಿದರು. ರಾಜಕೀಯ ಲೆಕ್ಕ ಇರಬಹುದು, ನಿಜವಾದ ಮೆಚ್ಚುಗೆಯೂ ಇರಬಹುದು. ನನಗೇನೋ ಎರಡೂ ಇತ್ತು ಅನ್ನಿಸುತ್ತದೆ.

ಸಮಿತಿ 1956ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಮಲಯ, ಚೀನೀ, ತಮಿಳು, ಇಂಗ್ಲಿಷ್ ನಾಲ್ಕೂ ಮಾಧ್ಯಮಕ್ಕೆ ಸಮಾನ ಗೌರವ, ಸಮಾನ ಅನುದಾನ. ಪ್ರಾಥಮಿಕದಲ್ಲಿ ಎರಡು ಭಾಷೆ, ಹೈಸ್ಕೂಲಿನಲ್ಲಿ ಮೂರು. ಪಠ್ಯಪುಸ್ತಕ ಈ ನೆಲದ್ದಾಗಿರಬೇಕು. ಇಷ್ಟು ಓದಿದರೆ ಚೀನೀ ಶಾಲೆಗಳು ಗೆದ್ದವು ಅನ್ನಿಸುತ್ತದೆ, ಅಲ್ವಾ? ಅಲ್ಲೇ ನಿಲ್ಲಬೇಡಿ.

ಷರತ್ತು ಎಲ್ಲಿದೆ ಹುಡುಕಿ

ಅನುದಾನದ ಅಧ್ಯಾಯ ಸಾಮಾನ್ಯವಾಗಿ ವರದಿಯ ಕೊನೆಯ ಕಡೆ, ಬೋರ್ ಹೊಡೆಸುವ ಭಾಷೆಯಲ್ಲಿ ಇರುತ್ತದೆ. ನೀವು ಅಲ್ಲಿಂದಲೇ ಶುರುಮಾಡಿ. ಮೂರು ಪ್ರಶ್ನೆ ಸಾಕು. ದುಡ್ಡು ತಗೊಂಡರೆ ಯಾರು ಒಳಗೆ ಬಂದು ಲೆಕ್ಕ ನೋಡುತ್ತಾರೆ? ಶಿಕ್ಷಕರನ್ನು ತೆಗೆಯುವ ಅಧಿಕಾರ ಯಾರಿಗೆ? ದುಡ್ಡು ಬೇಡ ಅಂದವರ ಗತಿ ಏನು?

1953ರ ಡಿಸೆಂಬರ್‌ನ ಸಿಂಗಪುರ ಶ್ವೇತಪತ್ರದ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿ. ಅದರ ಹೆಸರಿನಲ್ಲೇ ಎರಡು ವಿಷಯ ಜೋಡಿಯಾಗಿದ್ದವು: ದ್ವಿಭಾಷಾ ಶಿಕ್ಷಣ ಮತ್ತು ಹೆಚ್ಚಿನ ನೆರವು. ನೆರವು ಬೇಕಾ, ಇಂಗ್ಲಿಷಿಗೆ ಜಾಸ್ತಿ ಜಾಗ ಕೊಡಿ, ಮೇಲ್ವಿಚಾರಣೆ ಒಪ್ಪಿಕೊಳ್ಳಿ. ದುಡ್ಡಿಲ್ಲದೆ ಒದ್ದಾಡುತ್ತಿದ್ದ ಶಾಲೆಗಳು, ಸಂಬಳ ಕಮ್ಮಿ ಇದ್ದ ಶಿಕ್ಷಕರು. ಆದರೂ ವಿರೋಧ ಜೋರಾಗಿ ಬಂತು. ಯಾಕೆ ಅಂತ ಅರ್ಥವಾಗಬೇಕಾದರೆ ಆಡಳಿತ ಮಂಡಳಿಯ ಕಡೆಯಿಂದ ಯೋಚಿಸಬೇಕು. ಕಟ್ಟಡ ಅವರದ್ದು, ಚಂದಾ ಎತ್ತಿದ್ದು ಅವರು, ಈಗ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಯಾವ ಪುಸ್ತಕ, ಯಾವ ಮೇಷ್ಟ್ರು ಅಂತ ಹೇಳುತ್ತಾರೆ. ಹಾಗಂತ ಆಡಳಿತ ಮಂಡಳಿಯವರೆಲ್ಲ ಭಾಷೆಗಾಗಿ ಪ್ರಾಣ ಕೊಡುವವರು ಅಂದುಕೊಳ್ಳಬೇಡಿ. ಬಹಳ ಜನ ದೊಡ್ಡ ವ್ಯಾಪಾರಿಗಳು. ವಿದ್ಯಾರ್ಥಿಗಳ ಎಡಪಂಥೀಯ ಹಾಡು ಅವರಿಗೂ ಭಯವೇ. ಮಂಡಳಿ, ಮೇಷ್ಟ್ರು, ವಿದ್ಯಾರ್ಥಿ ಈ ಮೂವರ ಹಿತ ಒಂದೇ ಅಲ್ಲ. ವರದಿ ‘ಚೀನೀ ಸಮುದಾಯ’ ಅಂತ ಒಂದೇ ಮೂಟೆ ಕಟ್ಟಿದಾಗಲೆಲ್ಲ ಈ ಮೂವರನ್ನು ಬಿಡಿಸಿ ನೋಡಿ.

ಷರತ್ತು ಬರಿಗಣ್ಣಿಗೇ ಕಾಣುವ ಉದಾಹರಣೆ ಬೇಕಾದರೆ ಬೋರ್ನಿಯೋ ದ್ವೀಪದ ಸರವಾಕ್ ನೋಡಿ. 1946ರಿಂದ 1963ರ ತನಕ ಅದು ಬ್ರಿಟಿಷ್ ವಸಾಹತು. 1960ರ ಸುಮಾರಿಗೆ ಅಲ್ಲಿಯ ಸರ್ಕಾರ ಚೀನೀ ಹೈಸ್ಕೂಲುಗಳಿಗೆ ಹೇಳಿದ್ದು ಇಷ್ಟೇ: ಇಂಗ್ಲಿಷ್ ಮಾಧ್ಯಮಕ್ಕೆ ಬದಲಾದರೆ ಅನುದಾನ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಶಾಲೆ ಮುಚ್ಚಿಸಲಿಲ್ಲ, ಭಾಷೆ ನಿಷೇಧಿಸಲಿಲ್ಲ. ಕೆಲವು ಬದಲಾದವು. ಒಪ್ಪದ ಕೆಲವು ಚಂದಾ ಎತ್ತಿಕೊಂಡು ‘ಸ್ವತಂತ್ರ’ ಶಾಲೆಗಳಾದವು. ಇವತ್ತಿಗೂ ಸರವಾಕಿನಲ್ಲಿ ಅಂಥ 14 ಶಾಲೆಗಳಿವೆ, ಇಡೀ ಮಲೇಷ್ಯಾದಲ್ಲಿ 60ರಷ್ಟು.

ಇದರ ಜೊತೆಗೆ ಇನ್ನೊಂದು ಅಭ್ಯಾಸ: ವರದಿಯನ್ನೂ ಅದರ ಮೇಲೆ ಬಂದ ಕಾಯ್ದೆಯನ್ನೂ ಹೋಲಿಸಿ ನೋಡುವುದು. ಮಲಯಾದ ಶಿಕ್ಷಣ ಮಂತ್ರಿ ರಜಾಕ್ ಅವರ ಸಮಿತಿ 1956ರಲ್ಲಿ ಕೊಟ್ಟ ವರದಿಯ 12ನೇ ಪ್ಯಾರಾ ಇದಕ್ಕೆ ಹೆಸರುವಾಸಿ. ಕೊನೆಯ ಗುರಿ ಏನೆಂದರೆ ಎಲ್ಲ ಮಕ್ಕಳೂ ಮಲಯ ಭಾಷೆಯೇ ಮುಖ್ಯ ಮಾಧ್ಯಮವಾಗಿರುವ ಒಂದು ವ್ಯವಸ್ಥೆಯೊಳಗೆ ಬರಬೇಕು ಅನ್ನುತ್ತದೆ ಅದು. ಆದರೆ 1957ರ ಕಾಯ್ದೆಗೆ ಬಂದಾಗ ಆ ‘ಕೊನೆಯ ಗುರಿ’ ಕಾಣುವುದಿಲ್ಲ. ಬದಲಿಗೆ ಮಲಯರಲ್ಲದವರ ಭಾಷೆ, ಸಂಸ್ಕೃತಿಯನ್ನು ಉಳಿಸಿ ಬೆಳೆಸುವ ಮಾತಿದೆ. ಯಾಕೆ? ಮತ್ತೆ ಬಲಗಡೆಯ ಸಾಲಿಗೆ ಹೋಗಿ. 1955ರ ಜನವರಿಯಲ್ಲಿ ಮಲಕ್ಕಾದಲ್ಲಿ ಮಲಯರ ಪಕ್ಷದ ನಾಯಕ ತುಂಕು ಅಬ್ದುಲ್ ರಹಮಾನ್, ಅವರ ಜೊತೆ ಮೈತ್ರಿಯಲ್ಲಿದ್ದ ಚೀನೀ ಪಕ್ಷದ ನಾಯಕ ತಾನ್ ಚೆಂಗ್ ಲಾಕ್, ಚೀನೀ ಶಿಕ್ಷಕರ ಮುಖಂಡರು ಕೂತು ಮಾತಾಡಿದ್ದರು. ಚುನಾವಣೆ ಮುಗಿಯುವ ತನಕ ನೀವು ಚೀನೀಗೆ ಅಧಿಕೃತ ಭಾಷೆಯ ಪಟ್ಟ ಕೇಳಬೇಡಿ, ಗೆದ್ದ ಮೇಲೆ ನಾವು ನಿಮ್ಮ ಶಾಲೆಗೆ ಕೈಹಾಕಲ್ಲ ಅನ್ನುವ ಒಪ್ಪಂದದ ಥರ. ಜುಲೈನಲ್ಲಿ ಅವರ ಮೈತ್ರಿಕೂಟ 52ರಲ್ಲಿ 51 ಸ್ಥಾನ ಗೆದ್ದಿತು. ಆ ಮಾತಿನ ಸಾಲ 1957ರ ಕಾಯ್ದೆಯಲ್ಲಿ ಸ್ವಲ್ಪ ತೀರಿತು. ಸ್ವಾತಂತ್ರ್ಯ ಬಂದ ಮೇಲೆ, 1961ರ ಕಾಯ್ದೆಯಲ್ಲಿ, ಚೀನೀ ಮಾಧ್ಯಮದ ಹೈಸ್ಕೂಲಿಗೆ ಅನುದಾನವೇ ನಿಂತಿತು. ಅದನ್ನು ವಿರೋಧಿಸಿದ ಲಿಮ್ ಲಿಯನ್ ಗಿಯೋಕ್ ಅವರ ಬೋಧನಾ ಪರವಾನಗಿ ಹೋಯಿತು, ಕೋರ್ಟು ಕಚೇರಿ ಅಲೆದ ಮೇಲೆ ಪೌರತ್ವವೂ ಹೋಯಿತು. ಬ್ರಿಟಿಷರು ಹೋದ ಮೇಲೂ ಬ್ರಿಟಿಷರ ಉಪಾಯ ಉಳಿದುಕೊಂಡಿತು ನೋಡಿ.

ಸರ್ಟಿಫಿಕೇಟಿನ ಬೆನ್ನು ಹತ್ತಿ

ಒಬ್ಬ ಕಾಲ್ಪನಿಕ ಹುಡುಗಿಯನ್ನು ತಗೊಳ್ಳಿ. 1952ರಲ್ಲಿ ಸಿಂಗಪುರದ ಹಿರಿಯ ಮಿಡಲ್ ಮೂರನೇ ವರ್ಷ ಮುಗಿಸಿದಳು, ಒಳ್ಳೆಯ ಅಂಕ. ಮುಂದೆ ಎಲ್ಲಿಗೆ ಹೋಗಬೇಕು? 1949ರಲ್ಲಿ ಶುರುವಾದ ಮಲಯಾ ವಿಶ್ವವಿದ್ಯಾಲಯ ಇದೆ, ಪಾಠ ಇಂಗ್ಲಿಷಿನಲ್ಲಿ. ಸರ್ಕಾರಿ ಕಚೇರಿಯ ಕೆಲಸಕ್ಕೂ ಇಂಗ್ಲಿಷ್ ಬೇಕು. ಚೀನಾಕ್ಕೆ ಓದಲು ಹೋಗಬಹುದು, ಹೋದರೆ ವಾಪಸ್ ಬರುವ ಬಾಗಿಲು ಸರ್ಕಾರ ಮುಚ್ಚುತ್ತಿತ್ತು. ಉಳಿದದ್ದು ಅಂಗಡಿಯ ಲೆಕ್ಕ ಬರೆಯುವುದು, ಇಲ್ಲವೇ ಇನ್ನೊಂದು ಚೀನೀ ಶಾಲೆಯಲ್ಲಿ ಕಮ್ಮಿ ಸಂಬಳದ ಟೀಚರ್ ಆಗುವುದು.

ಯಾವ ವರದಿ ಓದಿದರೂ ಈ ಹುಡುಗಿಯನ್ನು ಅದರೊಳಗೆ ನಡೆಸಿಕೊಂಡು ಹೋಗಿ. ಅವಳ ದಾರಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ನೀತಿಯ ನಿಜವಾದ ಉದ್ದೇಶ ಸಿಗುತ್ತದೆ. 1956ರ ‘ಸಮಾನ ಗೌರವ’ ಅವಳ ಕ್ಲಾಸ್‌ರೂಮಿಗೆ ದುಡ್ಡು ತಂದಿತು, ಕಚೇರಿಯ ಬಾಗಿಲನ್ನು ಅಗಲ ಮಾಡಲಿಲ್ಲ. ಅಪ್ಪ ಅಮ್ಮಂದಿರು ಇದನ್ನು ಯಾವ ಸಮಿತಿಗಿಂತಲೂ ಮುಂಚೆ ಲೆಕ್ಕ ಹಾಕಿದ್ದರು. 1950ರ ದಶಕದ ಮಧ್ಯದ ಹೊತ್ತಿಗೇ ಇಂಗ್ಲಿಷ್ ಶಾಲೆಗೆ ಸೇರುವ ಮಕ್ಕಳು ಚೀನೀ ಶಾಲೆಯವರನ್ನು ಮೀರಿಸಿದ್ದರು. ಬೀದಿಯಲ್ಲಿ ಚೀನೀ ಶಿಕ್ಷಣ ಉಳಿಸಿ ಅನ್ನುವ ಕೂಗು ಜೋರಾಗಿದ್ದ ಅದೇ ವರ್ಷಗಳಲ್ಲಿ! ಇದು ನಮ್ಮೂರಿನಲ್ಲೂ ನೋಡಿದ ನಾಟಕವೇ, ಜಾಸ್ತಿ ಹೇಳಬೇಕಿಲ್ಲ.

ಮೇಲಿನ ಬಾಗಿಲು ಮುಚ್ಚಿದ್ದರಿಂದ ಸಮುದಾಯ ತಾನೇ ಬಾಗಿಲು ಕಟ್ಟಿತು. 1953ರಲ್ಲಿ ರಬ್ಬರ್ ಉದ್ಯಮಿ ತಾನ್ ಲಾರ್ಕ್ ಸೈ ಚೀನೀ ವಿಶ್ವವಿದ್ಯಾಲಯ ಬೇಕು ಅಂದರು. ದೊಡ್ಡವರ ದುಡ್ಡಿನ ಜೊತೆ ಸೈಕಲ್ ರಿಕ್ಷಾದವರು ಒಂದು ದಿನದ ದುಡಿಮೆ ಕೊಟ್ಟರು, ಕ್ಯಾಬರೆಯ ನರ್ತಕಿಯರು ಸಹಾಯಾರ್ಥ ಕಾರ್ಯಕ್ರಮ ಮಾಡಿದರು. ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ಪಾಠ ಶುರುವಾಯಿತು. ಸರ್ಕಾರ ಕಟ್ಟಲು ಬಿಟ್ಟಿತು, ಪದವಿಗೆ ಮಾನ್ಯತೆ ಕೊಡಲು ಮೀನಮೇಷ ಎಣಿಸಿತು. 1959ರಲ್ಲಿ ಪ್ರೆಸ್ಕಾಟ್ ಆಯೋಗ ಬಂದು ಮಟ್ಟ ಸಾಲದು ಅಂದಿತು. ಸರ್ಟಿಫಿಕೇಟಿನ ಕಥೆ ಮತ್ತೆ ಅಲ್ಲಿಗೇ ಬಂತು. 1980ರಲ್ಲಿ ಅದನ್ನು ಸಿಂಗಪುರ ವಿಶ್ವವಿದ್ಯಾಲಯದ ಜೊತೆ ಸೇರಿಸಿಬಿಟ್ಟರು. 1987ರ ಹೊತ್ತಿಗೆ ಸಿಂಗಪುರದ ಶಾಲೆಗಳೆಲ್ಲ ಇಂಗ್ಲಿಷನ್ನೇ ಮೊದಲ ಭಾಷೆ ಮಾಡಿಕೊಂಡಿದ್ದವು.

ಈಗ ಕಾಗದಗಳನ್ನು ಎಲ್ಲಿ ಹುಡುಕೋದು

ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದ ನ್ಯೂಸ್‌ಪೇಪರ್‌ಎಸ್‌ಜಿ ತಾಣ ಉಚಿತ. 1950ರ ದಶಕದ ಸ್ಟ್ರೈಟ್ಸ್ ಟೈಮ್ಸ್ ಪತ್ರಿಕೆಯನ್ನು ಮನೆಯಲ್ಲೇ ಕೂತು ಓದಬಹುದು. ‘ಚೈನೀಸ್ ಎಜುಕೇಶನ್’ ಅಂತ ಹಾಕಿ ಹುಡುಕಿದರೆ ಸಮುದ್ರದಷ್ಟು ಬರುತ್ತದೆ, ಅದು ಬೇಡ. ತಾರೀಖಿನ ಜರಡಿ ಇದೆ. ಮೊದಲು 1955ರ ಮೇ ತಿಂಗಳಿಗೆ ಕಟ್ಟಿಹಾಕಿ, ಆಮೇಲೆ ‘ಚೈನೀಸ್ ಮಿಡಲ್ ಸ್ಕೂಲ್’, ‘ಚುಂಗ್ ಚೆಂಗ್’, ‘ಗ್ರಾಂಟ್’ ಅಂತ ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ. ಪಕ್ಕದಲ್ಲಿ ಬರುವ ಯಂತ್ರ ಓದಿದ ಅಕ್ಷರ ನಂಬಬೇಡಿ, ಸ್ಕ್ಯಾನ್ ಚಿತ್ರವನ್ನೇ ದೊಡ್ಡದು ಮಾಡಿ ಓದಿ. ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಎರಡು ಮೂರು ರೀತಿ ಬರೆದು ಹುಡುಕಿ.

ಸ್ಟ್ರೈಟ್ಸ್ ಟೈಮ್ಸ್ ಆಗ ಇಂಗ್ಲಿಷ್ ಓದುವ ಜನರ ಪತ್ರಿಕೆ, ಅದರ ಕಣ್ಣಲ್ಲಿ ವಿದ್ಯಾರ್ಥಿಗಳೆಲ್ಲ ಪುಂಡರು. ಅದೇ ತಾಣದಲ್ಲಿ ನಾನ್ಯಾಂಗ್ ಸಿಯಾಂಗ್ ಪಾವ್ ಅನ್ನುವ ಚೀನೀ ಪತ್ರಿಕೆಯೂ ಇದೆ. ನಮಗೆ ಚೀನೀ ಬರಲ್ಲ, ನಿಜ. ಆದರೂ ಅದೇ ದಿನದ ಪುಟ ತೆಗೆದು ಯಾವ ಸುದ್ದಿ ಎಷ್ಟು ದೊಡ್ಡದಾಗಿದೆ, ಯಾವ ಫೋಟೋ ಹಾಕಿದ್ದಾರೆ ನೋಡಿ. ಫೋನಿನ ಅನುವಾದಕದಿಂದ ತಲೆಬರಹದ ಅರ್ಥ ಸುಮಾರಾಗಿ ಸಿಗುತ್ತದೆ. ಹಳೆಯ ಅಕ್ಷರ, ಮೇಲಿನಿಂದ ಕೆಳಕ್ಕೆ ಜೋಡಿಸಿದ ಸಾಲು, ಹಾಗಾಗಿ ಪೂರ್ತಿ ಲೇಖನಕ್ಕೆ ಅದನ್ನು ನೆಚ್ಚಬೇಡಿ.

ಶಾಸನಸಭೆಯ ಚರ್ಚೆಗಳು 1955ರಿಂದ ಸಿಂಗಪುರ ಸಂಸತ್ತಿನ ತಾಣದಲ್ಲಿವೆ. ವರದಿಯಲ್ಲಿ ನಯವಾಗಿ ಬರೆದದ್ದನ್ನು ಇಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿರುತ್ತಾರೆ, ಓದೋಕೆ ಮಜಾ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ವಸಾಹತು ಕಚೇರಿಯ ಕಡತಗಳಿವೆ. ಸಿಒ 273 ಹಳೆಯ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ ಪತ್ರವ್ಯವಹಾರ, ಸಿಒ 1022 ಮತ್ತು ಸಿಒ 1030 ಐವತ್ತರ ದಶಕದವು. ಎಫ್‌ಸಿಒ 141 ಅನ್ನೋದು ಬ್ರಿಟಿಷರು ಹೊರಡುವಾಗ ಎತ್ತಿಕೊಂಡು ಹೋಗಿ ದಶಕಗಟ್ಟಲೆ ಬಚ್ಚಿಟ್ಟಿದ್ದ ಕಡತಗಳ ಸರಣಿ, 2012ರಿಂದ ಹಂತಹಂತವಾಗಿ ಹೊರಗೆ ಬಿಟ್ಟರು. ಯಾವ ಕಡತ ಇದೆ ಅಂತ ತಿಳಿಯೋಕೆ ಲಂಡನ್ನಿಗೇ ಹೋಗಬೇಕು ಅಂತಿಲ್ಲ, ಪಟ್ಟಿಯನ್ನು ಇಲ್ಲಿಂದಲೇ ಹುಡುಕಬಹುದು. ಕಡತದ ತಲೆಬರಹದಲ್ಲೇ ಎಷ್ಟೋ ವಿಷಯ ಇರುತ್ತದೆ.

ಎಡವುವ ಜಾಗಗಳು

ಸಿಂಗಪುರ ಬೇರೆ, ಮಲಯಾ ಒಕ್ಕೂಟ ಬೇರೆ. 1946ರಿಂದ ಸಿಂಗಪುರ ಪ್ರತ್ಯೇಕ ವಸಾಹತು. ಬಾರ್ನ್ಸ್, ಫೆನ್-ವು, ರಜಾಕ್ ಮೂರೂ ಒಕ್ಕೂಟದವು. ಸರ್ವಪಕ್ಷ ಸಮಿತಿ ಸಿಂಗಪುರದ್ದು. ಇಂಟರ್ನೆಟ್ಟಿನಲ್ಲಿ ಅರ್ಧಕ್ಕರ್ಧ ಜನ ಇವನ್ನು ಕಲಸಿಬಿಡುತ್ತಾರೆ.

ಹಾಂಗ್‌ಕಾಂಗ್ ಕಥೆಯನ್ನೂ ಇದಕ್ಕೆ ಸೇರಿಸಬೇಡಿ. ಅಲ್ಲಿ ಊರಿಗೆ ಊರೇ ಚೀನೀ ಮಾತಾಡುತ್ತದೆ. ಚೀನೀ ಹೈಸ್ಕೂಲುಗಳು ಕರಗಿದ್ದಕ್ಕೆ ಅನುದಾನದ ಬೆದರಿಕೆಗಿಂತ ಅಪ್ಪ ಅಮ್ಮಂದಿರ ಇಂಗ್ಲಿಷ್ ಆಸೆಯೇ ಜಾಸ್ತಿ ಕಾರಣ.

ಮೂರನೇದು ಸ್ವಲ್ಪ ಕಷ್ಟದ್ದು. ಈ ಇತಿಹಾಸ ಹೇಳುವವರಲ್ಲಿ ಎರಡು ಗುಂಪು. ಒಬ್ಬರಿಗೆ ಇದೆಲ್ಲ ಕಮ್ಯುನಿಸ್ಟರ ಕೈವಾಡ, ಇನ್ನೊಬ್ಬರಿಗೆ ಇದೆಲ್ಲ ಶುದ್ಧ ಭಾಷಾಭಿಮಾನ. ಎರಡೂ ಇದ್ದವು, ಒಂದೇ ಹಾಸ್ಟೆಲಿನಲ್ಲಿ, ಕೆಲವು ಸಲ ಒಂದೇ ತಲೆಯಲ್ಲಿ. 1955ರ ಅಕ್ಟೋಬರ್‌ನಲ್ಲಿ ರಾಜಕೀಯ ಮಾಡಬಾರದು ಅನ್ನುವ ಷರತ್ತಿನ ಮೇಲೆ ಮಿಡಲ್ ಸ್ಕೂಲ್ ವಿದ್ಯಾರ್ಥಿ ಸಂಘಕ್ಕೆ ನೋಂದಣಿ ಕೊಟ್ಟರು. ವರ್ಷ ತುಂಬುವುದರೊಳಗೆ, 1956ರ ಸೆಪ್ಟೆಂಬರ್‌ನಲ್ಲಿ, ಹೊಸ ಮುಖ್ಯಮಂತ್ರಿ ಲಿಮ್ ಯೂ ಹಾಕ್ ಅದನ್ನು ವಿಸರ್ಜಿಸಿದರು. ಮತ್ತೆ ಅದೇ ಎರಡು ಶಾಲೆಗಳಲ್ಲಿ ಧರಣಿ, ಅಕ್ಟೋಬರ್ ಕೊನೆಗೆ ಅಶ್ರುವಾಯು, ಊರೆಲ್ಲ ಗಲಭೆ, 13 ಸಾವು. ಸಮಾನ ಗೌರವದ ವರದಿ ಬಂದು ಆಗ ಇನ್ನೂ ಒಂಬತ್ತು ತಿಂಗಳು ಆಗಿರಲಿಲ್ಲ. ಒಂದೇ ವರ್ಷದ ಈ ಎರಡು ಮುಖವನ್ನು ಒಂದೇ ಗುಂಪಿನ ಕಥೆಯಲ್ಲಿ ಹಿಡಿಸೋಕೆ ಆಗಲ್ಲ.

ಸಿಂಗಪುರದಲ್ಲಿರುವ ಕನ್ನಡದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಮಕ್ಕಳ ಶಾಲೆಯಲ್ಲಿ ‘ಮದರ್ ಟಂಗ್’ ವಿಷಯಕ್ಕೆ ತಮಿಳು ಇದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ತಗೊಳ್ಳಬಹುದು, ಕನ್ನಡ ಮಾತ್ರ ಇಲ್ಲ. ಆ ಪಟ್ಟಿಯ ಬುಡ ಹುಡುಕಿಕೊಂಡು ಹೋದರೆ ನಾಲ್ಕು ಭಾಷೆಯ 1956ರ ವರದಿಗೇ ಹೋಗಿ ತಲುಪುತ್ತೀರಿ. ತಮಿಳು ಅದರಲ್ಲಿ ಹೇಗೆ ಬಂತು ಅಂತ ನೋಡೋಕೆ ಅದೇ ಪತ್ರಿಕಾ ತಾಣದಲ್ಲಿ ತಮಿಳು ಮುರಸು ಪತ್ರಿಕೆಯ ಹಳೆಯ ಸಂಚಿಕೆಗಳೂ ಇವೆ. ತಮಿಳು ಓದಲು ಬರುವ ಸ್ನೇಹಿತರಿದ್ದರೆ 1955, 56ರ ಸಂಚಿಕೆಗಳಿಂದ ಶುರುಮಾಡಿ.

ಕೊನೆಗೆ ಧ್ವನಿಮುದ್ರಣಗಳು. ಸಿಂಗಪುರದ ರಾಷ್ಟ್ರೀಯ ದಾಖಲೆ ಸಂಗ್ರಹ ಆ ಕಾಲದ ಮೇಷ್ಟ್ರು, ವಿದ್ಯಾರ್ಥಿ, ಅಧಿಕಾರಿಗಳನ್ನು ಮಾತಾಡಿಸಿ ಇಟ್ಟಿದೆ, ಇಂಗ್ಲಿಷಿನವೂ ಬೇಕಾದಷ್ಟಿವೆ. ಕೇಳುವ ಮೊದಲು ಸಂದರ್ಶನ ಯಾವ ವರ್ಷ ನಡೆಯಿತು ಅಂತ ನೋಡಿಕೊಳ್ಳಿ. ಗೆದ್ದವರ, ಅಂದರೆ ಲೀ ಕುವಾನ್ ಯೂ ಪಕ್ಷದ, ಸರ್ಕಾರ ಗಟ್ಟಿಯಾಗಿ ಕೂತ ಮೇಲೆ ಹೇಳಿದ ಮಾತು ಅದು, ಕೆಲವರು ಹುಷಾರಾಗಿ ಮಾತಾಡುತ್ತಾರೆ. ಅವರು ಒಂದು ಘಟನೆಯನ್ನು ಹಾರಿಸಿಕೊಂಡು ಹೋದರು ಅನ್ನಿಸಿದ ಕಡೆ ಆಡಿಯೋ ನಿಲ್ಲಿಸಿ, ಆ ತಿಂಗಳಿನ ಪತ್ರಿಕೆ ತೆಗೆದು ನೋಡಿ, ಆಮೇಲೆ ಮುಂದೆ ಕೇಳಿ.